ಬಲ್ಬಿಗೆ ಬೊಟ್ಟು

ಸ್ನೇಹಿತರೇ, ಇವತ್ತು ಜಾಬ್ರಿಯಾದ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಕಾರಿನ ಹೆಡ್‌ಲೈಟಿಗೂ ಫಾಗ್ ಲೈಟಿಗೂ ಹೆಚ್ಚು ಬೆಳಕಿನ ಬಲ್ಬ್ ಹಾಕಲು ನಾನೇ ಹೊರಟೆ. "ಗಾಜು ಮುಟ್ಬೇಡಿ ಭಾಯಿ. ಬೆರಳಿನ ಎಣ್ಣೆ ತಾಗಿದ್ರೆ ಬಲ್ಬ್ ಖಲಾಸ್" ಎಂದು ಬಲ್ಬ್ ಕೊಟ್ಟ ಅಂಗಡಿಯ ಹಮೀದ್ ಭಾಯಿ ಎಚ್ಚರಿಸಿದ್ದರು. ಕೈಗವಸು ಹಾಕಿಕೊಂಡು ನಾಲ್ಕೂ ಬಲ್ಬುಗಳನ್ನು ಬಟ್ಟೆಯ ಮೇಲಿಟ್ಟೆ. ಹೆಂಡತಿಯನ್ನು ಕಾವಲಿಗೆ ಬಿಟ್ಟು ಸ್ಕ್ರೂಡ್ರೈವರ್ ತರಲು ಮನೆಗೆ ಹೋದೆ.

ಬಂದು ನೋಡಿದರೆ ನಾಲ್ಕರ ಗಾಜಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ!

"ಹೊಸ ಸಾಮಾನಲ್ವಾ? ಬೊಟ್ಟಿಡದೆ ಹಾಗೇ ಹಾಕುದಾ ಮಾರ್ರೆ?" ಎಂದಳು.

ಅವಳು ಮೇಲೆ ಹೋದದ್ದೇ ತಡ, ನಾಲ್ಕನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಕೂರಿಸಿದೆ. ಬೆಳಕು ಭರ್ಜರಿ.

"ನೋಡಿ, ನನ್ನ ಬೊಟ್ಟಿನ ಮಹಿಮೆ!" ಎಂದು ಅವಳು ಬಾಲ್ಕನಿಯಿಂದಲೇ ಕೈಮುಗಿದಳು.

ನಾನೂ ಮುಗಿದೆ. ದಯವಿಟ್ಟು ಈ ಪೋಸ್ಟಿಗೆ ಯಾರೂ ಅವಳನ್ನು ಟ್ಯಾಗ್ ಮಾಡಬೇಡಿ.