ಮೇಷ್ಟ್ರು ದ್ರೋಹಿಯೇ?

ನನಗೊಂದು ಚಟವಿದೆ. ಯೂಟ್ಯೂಬಿನಲ್ಲಿ ಹಳೆಯ ಧಾರಾವಾಹಿ ನೋಡುವುದಕ್ಕಿಂತ ಅದರ ಕೆಳಗಿನ ಕಾಮೆಂಟುಗಳನ್ನು ಓದುವುದೇ ನನಗೆ ಹೆಚ್ಚು ರುಚಿ. ಅರವತ್ನಾಲ್ಕು ವಿದ್ಯೆಗಳಲ್ಲಿ ಚೋರವಿದ್ಯೆಯೂ ಒಂದಂತೆ. ಕಾಮೆಂಟು ಬರೆಯುವುದು ಅರವತ್ತೈದನೆಯದಿರಬೇಕು.

ಈಚೆಗೆ ಹಿಡಿದದ್ದು ಮೂವರು ಕಳ್ಳರ ಕತೆ. ಕತ್ತಲೆಂದರೆ ಹೆದರುವ ಬೀಗ ರಿಪೇರಿಯವನು, ಬಾಯಿ ಮುಚ್ಚಲು ಬಾರದ ಡ್ರೈವರ್, ಸುಳ್ಳು ಹೇಳಲು ಬಾರದ ಸಂಗೀತದ ಮೇಷ್ಟ್ರು. ಯಾವುದರಲ್ಲೂ ಹೊಂದದ ಇವರು ಕದ್ದದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಕೊನೆಯ ಕಂತಿನಲ್ಲಿ ಮೇಷ್ಟ್ರು ಠಾಣೆಗೆ ಹೋಗಿ ಉಳಿದಿಬ್ಬರು ಅಡಗಿರುವ ಜಾಗ ಹೇಳಿಬಿಡುತ್ತಾರೆ. ವೀಕ್ಷಕರೆಲ್ಲ ಕೆಂಡಾಮಂಡಲ. ನಾನೂ "ಇಂಥ ಗೆಳೆಯನಿಗಿಂತ ಹಾವು ವಾಸಿ" ಎಂದು ಬರೆದೆ. ರಾಶಿ ಲೈಕು ಬಂದವು. ಮನೆಯಲ್ಲಿ ನನ್ನ ಮಾತಿಗೆ ತಲೆದೂಗುವವರೇ ಇಲ್ಲ, ನಾನು ಉಬ್ಬಿಹೋದೆ.

ಮರುದಿನ ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಫೋನನ್ನು ಊಟದ ಡಬ್ಬಿಗೆ ಒರಗಿಸಿ ಅದೇ ಕಂತು ಹಾಕಿದೆ. ನನ್ನ ಕಾಮೆಂಟನ್ನೂ ಓದಿ ಹೇಳಿದೆ. ಎಲ್ಲರೂ ನಕ್ಕರು. ನನ್ನ ವಿಭಾಗದಲ್ಲೇ ಡ್ರಿಲ್ಲಿಂಗ್ ಮಷೀನು ನಡೆಸುವ, ಯಾದಗಿರಿ ಕಡೆಯ ಶರಣಮ್ಮ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಮಾಸ್ತರ ದ್ರೋಹಿ ಅಲ್ರಿ ಸರ. ಆ ಇಬ್ರೂ ಅಂವಗ ಬೇಕಾದವ್ರು, ಅದಕ್ಕ ಹೇಳ್ಯಾನ."

"ಬೇಕಾದೋರನ್ನ ಯಾರಾದ್ರೂ ಹಿಡಿದುಕೊಡ್ತಾರಾ ಶರಣಮ್ಮ?" ಎಂದೆ, ನಗುತ್ತಲೇ.

"ನಾ ಕೊಟ್ಟೀನ್ರಿ."

ಉಳಿದವರು ಕೈ ತೊಳೆಯಲು ಎದ್ದುಹೋದ ಮೇಲೆ ಹೇಳಿದಳು. ಅವಳ ತಮ್ಮ ಇನ್ನಿಬ್ಬರ ಜೊತೆ ಸೇರಿ, ಕಟ್ಟುತ್ತಿರುವ ಮನೆಗಳಿಂದ ತಾಮ್ರದ ತಂತಿ ಕದಿಯುತ್ತಿದ್ದನಂತೆ. ಪೊಲೀಸರು ಹುಡುಕತೊಡಗಿದಾಗ ನಾಗಸಂದ್ರದ ಅವಳ ಬಾಡಿಗೆ ಕೋಣೆಗೆ ಬಂದು ಅಡಗಿದ. ನಾಲ್ಕು ದಿನ ಅನ್ನ ಹಾಕಿದಳು. ಐದನೆಯ ದಿನ ಬಟ್ಟೆ ಒಗೆಯಲೆಂದು ಅವನ ಚೀಲ ತೆಗೆದರೆ ಒಳಗೆ ಹೊಸ ಮಚ್ಚು. ಏನೂ ಕೇಳದೆ ಚೀಲ ಮುಚ್ಚಿಟ್ಟು, ಹಾಲು ತರುತ್ತೇನೆಂದು ಹೊರಟು, ನೇರ ಠಾಣೆಗೆ ನಡೆದಳು.

"ತಂತಿ ಕದ್ದವ ಹೊಳ್ಳಿ ಬರ್ತಾನ್ರಿ ಸರ. ಮಂದೀನ ಕಡದವ ಬರಂಗಿಲ್ಲ."

ನಾನು ಫೋನನ್ನು ಮಗುಚಿಟ್ಟೆ. "ಈಗ ಎಲ್ಲಿದಾನೆ?" ಎಂದೆ.

"ಹೊರಗ ಬಂದಾನ್ರಿ. ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ನ್ಯಾಗ ಇಸ್ತ್ರಿ ಮಾಡ್ತಾನ. ಒಂದು ವರ್ಷ ನನ್ನ ಮಾರಿ ನೋಡಲಿಲ್ಲ. ಈಗ ಐತವಾರ ಬರ್ತಾನ, ಉಣ್ತಾನ, ತಾಟು ತೊಳದಿಟ್ಟು ಹೋಗ್ತಾನ. ಅದರ ಮಾತು ಅಂವಾನೂ ಎತ್ತಂಗಿಲ್ಲ, ನಾನೂ ಎತ್ತಂಗಿಲ್ಲ."

ಇಷ್ಟು ಹೇಳಿ ಉಳಿದ ರೊಟ್ಟಿ ತಿಂದು, ಶಿಫ್ಟಿನ ಗಂಟೆಗೆ ಎದ್ದು ಹೋದಳು.

ಸಂಜೆ ಮನೆಗೆ ಬಂದು ನನ್ನ ಕಾಮೆಂಟನ್ನು ಅಳಿಸಿ, "ಮೇಷ್ಟ್ರು ಮಾಡಿದ್ದು ಸರಿ" ಎಂದು ಬರೆದೆ. ಕೂಡಲೇ ಯಾರೋ ಮೇಲೆ ಬಿದ್ದರು: "ಏನ್ ಗುರು, ನೆನ್ನೆ ಬೈತಿದ್ದೆ, ಇವತ್ತು ಪಾರ್ಟಿ ಚೇಂಜಾ?"

ಕಾರಣ ಬರೆಯಲು ಹೊರಟ ಬೆರಳು ನಿಂತಿತು. ಶರಣಮ್ಮ ಹೇಳಿದ್ದು ಅಲ್ಲಿ ಹರಡುವಂಥದ್ದಲ್ಲ. "ಇಲ್ಲ ಕಣಪ್ಪ," ಎಂದಷ್ಟೇ ಉತ್ತರಿಸಿದೆ, "ನೆನ್ನೆ ಒಬ್ಬನೇ ಕೂತು ನೋಡಿದ್ದೆ."