ಅಜ್ಜಿಯ ರಾಕ್ಷಸಿ ಕೇಕ್ ತಿನ್ನಿಸುತ್ತಿರಲಿಲ್ಲ

ನಿನ್ನೆ ಮಗಳು ಬಾದಾಮಿ ಮಾವಿನಹಣ್ಣು ಕೈಯಲ್ಲಿ ಹಿಡಿದುಕೊಂಡು ಕಾರ್ಟೂನ್ ನೋಡುತ್ತಿದ್ದಳು. ಇಣುಕಿದರೆ, ನಮ್ಮಜ್ಜಿಯ ಹಳೇ ಪುಸ್ತಕದ ಕಥೆಯೇ! ಆದರೆ ಆ ಕಥೆಯ ಅಕ್ಕ-ತಂಗಿಯರಲ್ಲಿ ಅಕ್ಕನನ್ನು ನುಂಗಬೇಕಾದ ರಾಕ್ಷಸಿ ಇಲ್ಲಿ ಅವಳಿಗೆ ಕೇಕ್ ತಿನ್ನಿಸಿ ಕುಣಿಯುತ್ತಿದ್ದಳು!

ಆ ಹಣ್ಣಿನ ಘಮಕ್ಕೆ ನಾನು ಶ್ರೀನಿವಾಸಪುರದ ಅಜ್ಜಿ ಮನೆಯ ಹುಲ್ಲಿನ ಕೋಣೆಗೆ ಹೋಗಿಬಿಟ್ಟೆ. ಹಣ್ಣಾಗಲೆಂದು ಹುಲ್ಲಿನಲ್ಲಿಟ್ಟ ಮಾವನ್ನು ಮಕ್ಕಳು ಮಗುಚಿಡಬೇಕು, ಅಜ್ಜಿ ಕಥೆ ಓದಬೇಕು. ಅದು ನಮ್ಮ ಒಪ್ಪಂದ. ರಾಕ್ಷಸಿ ಬಾಯಿ ತೆರೆಯುವ ಜಾಗ ಬಂದಾಗ ಅಜ್ಜಿ ಬೇಕೆಂದೇ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಭಯಕ್ಕೆ ನನ್ನ ಹೆಬ್ಬೆರಳು ಹಣ್ಣಿನೊಳಗೆ ಇಳಿಯುತ್ತಿತ್ತು.

“ಲೇ, ಅಮುಕ್ಬಿಟ್ಯೇನೇ? ಇನ್ನು ಇದನ್ನ ಯಾವ ಗಿರಾಕಿ ತಗೊಳ್ತಾನೆ? ನೀನೇ ತಿನ್ನು!” ಅಜ್ಜಿ ಗದರುತ್ತಿದ್ದಳು.

ತಾತ ಹೊರಗಿನಿಂದ ಗೊಣಗುತ್ತಿದ್ದರು. “ಆ ಜಾಗ ಬಿಟ್ಟು ಓದಬಾರ್ದೇನೇ? ಹಣ್ಣೆಲ್ಲ ಹಾಳಾಗ್ತೈತೆ!”

“ಅದನ್ನ ಬಿಟ್ರೆ ಕಥೆ ಎಲ್ಲಿರ್ತೈತೆ?” ಎನ್ನುತ್ತಿದ್ದಳು ಅಜ್ಜಿ.

ನಾನು ಟಿವಿ ಆರಿಸಿದೆ. “ಇದಲ್ಲ ಕಣೇ ಕಥೆ, ನಾನು ಹೇಳ್ತೀನಿ ಕೇಳು.” ರಾಕ್ಷಸಿ ಬಾಯಿ ತೆರೆದಳು. ನಾನು ನಿಲ್ಲಿಸಿ, ನಿಧಾನವಾಗಿ ಕನ್ನಡಕ ಒರೆಸಿಕೊಂಡೆ.

“ಅಮ್ಮಾ, ಬೇಗ ಹೇಳು!”

ತಿರುಗಿ ನೋಡಿದರೆ, ಅವಳ ಮೊಣಕೈವರೆಗೂ ಮಾವಿನ ರಸ ಇಳಿದಿತ್ತು.