ಹೊಸ ಜಟಕಾವೋ, ಹಳೆ ಸಾರೋಟೋ: ಕೀಲೆಣ್ಣೆ ಅಯ್ನೋರ ಒಂದು ಮಾತು

ಬೆಳಗಿನ ಐದು ಗಂಟೆ. ಮಾಗಿಯ ಮಂಜು ಚಾಮುಂಡಿ ಬೆಟ್ಟವನ್ನು ಇಡಿಯಾಗಿ ನುಂಗಿದೆ, ಮೇಲಿನ ದೀಪಗಳೂ ಕಾಣುತ್ತಿಲ್ಲ. ರೈಲ್ವೆ ಸ್ಟೇಷನ್ನಿನ ಎದುರಿನ ಜಟಕಾ ಸ್ಟ್ಯಾಂಡಿನಲ್ಲಿ ಕುದುರೆಗಳು ಗೋಣಿ ಹೊದ್ದು ನಿಂತಿವೆ, ಗಾಡಿಯವರು ಕಂಬಳಿ ಹೊದ್ದು ಬೀಡಿ ಸೇದುತ್ತಿದ್ದಾರೆ. ಮೈಬಗ್ಗಿಸಿ ಕೆಲಸ ಮಾಡುತ್ತಿರುವವರು ಒಬ್ಬರೇ. ಅರವತ್ತಮೂರು ವರ್ಷದ ಏಕಾಂತಯ್ಯನವರು ತೇವದ ನೆಲದ ಮೇಲೆ ಮಂಡಿಯೂರಿ, ಜಟಕಾದ ಅಚ್ಚಿನ ಕೆಳಗೆ ಮರದ ತುಂಡು ಕೊಟ್ಟು, ಗಾಲಿಯನ್ನು ನೆಲದಿಂದ ನಾಲ್ಕು ಬೆರಳು ಮೇಲೆತ್ತಿದ್ದಾರೆ. ಪಕ್ಕದಲ್ಲಿ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟ.

ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದರೆ ಕೀಲೆಣ್ಣೆ. ಮೂವತ್ತು ವರ್ಷ ಅದರಲ್ಲೇ ಅದ್ದಿದ ಕೈ ಈಗ ಯಾವ ಸೀಗೆಪುಡಿಗೂ ಬಗ್ಗುವುದಿಲ್ಲ. "ಇವರು ಮುಟ್ಟಿದ ಮುದ್ದೆ ರಾಗೀದೋ ಮಸೀದೋ ಗೊತ್ತಾಗಾಕಿಲ್ಲ ಕಣಮ್ಮ" ಎಂದು ಹೆಂಡತಿ ಪಾರ್ವತಮ್ಮ ಅಕ್ಕಪಕ್ಕದವರೊಡನೆ ನಗುತ್ತಾರಂತೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇರುವುದರಿಂದ ಸ್ಟ್ಯಾಂಡಿನವರಿಗೆಲ್ಲ ಇವರು ಅಯ್ನೋರು. ಮೈಸೂರು ನೋಡಲು ಬರುವ ಸಾವಿರಾರು ಜನ ಇವರ ಎಣ್ಣೆ ಕುಡಿದ ಗಾಲಿಗಳ ಮೇಲೇ ಅರಮನೆಗೂ ಮೃಗಾಲಯಕ್ಕೂ ಹೋಗುತ್ತಾರೆ. ಅವರಲ್ಲಿ ಒಬ್ಬರೂ ಇವರ ಮುಖ ನೋಡಿಲ್ಲ. ನೋಡಬೇಕಾದ ಹೊತ್ತಿನಲ್ಲಿ ಇವರ ಮುಖ ಗಾಡಿಯ ಕೆಳಗಿರುತ್ತದೆ.

ಊರು ಮಂಡಕಳ್ಳಿಯ ಮಗ್ಗುಲಿನ ಒಂದು ಹಳ್ಳಿ. ಹದಿನಾಲ್ಕನೆಯ ವಯಸ್ಸಿಗೆ ಅಪ್ಪನ ಜೊತೆ ಕುದುರೆ ಹುಲ್ಲಿನ ಹೊರೆ ಹೊತ್ತು ಮೈಸೂರಿಗೆ ಬಂದವರು. ಹುಲ್ಲು ಇಳಿಸುವಾಗ ಗಾಲಿಗಳ ಸದ್ದು ಕೇಳುತ್ತಾ ಕೇಳುತ್ತಾ ಕಿವಿ ಪಳಗಿತು. ಒಂದು ಕಾಲಕ್ಕೆ ಈ ಸ್ಟ್ಯಾಂಡಿನಲ್ಲಿ ಎಂಬತ್ತು ಜಟಕಾ ನಿಲ್ಲುತ್ತಿದ್ದವು. ಈಗ, ಈ ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಉಳಿದಿರುವುದು ಮೂವತ್ತೊಂದು. ದಿನಕ್ಕೆ ಹನ್ನೆರಡು ಗಾಲಿ ಬಿಚ್ಚಿ, ಒರೆಸಿ, ಎಣ್ಣೆ ಕೊಟ್ಟು, ಮತ್ತೆ ಕಡಾಣಿ ಬಡಿದು ಕೂರಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಇದು ಯಾರಾದರೂ ಕಲಿಯಬಹುದಾದ ಕೆಲಸ. ಇವರಿಗೆ ಮಾತ್ರ ಒಲಿದದ್ದು ಇನ್ನೊಂದಿದೆ. ಗೇಣುದ್ದದ ಹುಣಸೆ ಕೋಲಿನ ಒಂದು ತುದಿಯನ್ನು ಗಾಲಿಯ ನಡುವಿನ ಗುಂಬಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಗಾಲಿ ತಿರುಗಿಸುತ್ತಾರೆ. ಗುಂಬದೊಳಗೆ ಕೂದಲೆಳೆಯ ಬಿರುಕಿದ್ದರೂ ಅದು ಹಲ್ಲಿಗೆ ಟಿಕ್ಕೆಂದು ತಾಗುತ್ತದೆ. "ಮರ ಕಿವೀಗೆ ಸುಳ್ಳು ಏಳ್ತದೆ ಸ್ವಾಮಿ, ಹಲ್ಲೀಗೆ ಏಳಾಕಾಗಾಕಿಲ್ಲ" ಎನ್ನುತ್ತಾರೆ. ಇದಕ್ಕೊಂದು ಕಟ್ಟಳೆಯಿದೆ, ಸ್ಟ್ಯಾಂಡಿನ ಎಲ್ಲರಿಗೂ ಗೊತ್ತಿರುವಂಥದ್ದು. ಗಾಲಿಯನ್ನು ಒಣಗಿದ್ದಾಗಲೇ ಕೇಳಬೇಕು. ಮೊದಲು ಕೇಳು, ಆಮೇಲೆ ಎಣ್ಣೆ ಹಾಕು. ಎಣ್ಣೆ ಬಿದ್ದ ಮೇಲೆ ಬಿರುಕು ಬಾಯಿ ಮುಚ್ಚಿಕೊಳ್ಳುತ್ತದೆ.

ಹಾಗಾಗಿ ಮೈಸೂರಿನಲ್ಲಿ ಯಾರು ಸವಾರಿ ಗಾಡಿ ಕೊಳ್ಳಬೇಕೆಂದರೂ ಮೊದಲು ಇವರನ್ನು ಕೇಳುತ್ತಿದ್ದರು: ಅಯ್ನೋರೆ, ಹೊಸದು ಮಾಡಿಸಲೋ, ಹಳೇದು ಕೊಳ್ಳಲೋ? ಹೊಸದಕ್ಕೆ ಹಸಿ ಮರದ ಭಯ, ಹಳೆಯದಕ್ಕೆ ಒಳಗಿನ ಹುಳುಕಿನ ಭಯ. ಅತ್ತ ದರಿ, ಇತ್ತ ಪುಲಿ. ಇವರು ಕೋಲು ಕಚ್ಚಿ ನೋಡಿ "ತಗೊ" ಅಂದರೆ ತೆಗೆದುಕೊಳ್ಳುವರು, "ಬುಡು" ಅಂದರೆ ಬಿಡುವರು. ಇವತ್ತೂ ನಂಜುಂಡಸ್ವಾಮಿ ಎಂಬ ಗಾಡಿಯವನು ಟೀ ಲೋಟ ಹಿಡಿದು ಬಂದು ಅದನ್ನೇ ಕೇಳಿದ. ಏಕಾಂತಯ್ಯನವರು ತಲೆಯೆತ್ತಲಿಲ್ಲ. "ನನ್ನ ಕೇಳ್ಬೇಡಪ್ಪ" ಎಂದಷ್ಟೇ ಹೇಳಿ ಮುಂದಿನ ಗಾಲಿಗೆ ಸರಿದರು. ಹೋದ ದಸರಾ ಆದಾಗಿನಿಂದ ಯಾರು ಕೇಳಿದರೂ ಇದೇ ಉತ್ತರ.

ಯಾಕೆ ಎಂದು ಅವರೇ ಹೇಳುತ್ತಾರೆ. ಬಚ್ಚಿಡುವುದಕ್ಕೆ ಈಗ ಏನೂ ಉಳಿದಿಲ್ಲ.

ಹೋದ ಶ್ರಾವಣದಲ್ಲಿ ಮಹದೇವು ಇವರ ಬಳಿ ಬಂದ. ಇಪ್ಪತ್ತೇಳು ವರ್ಷದ ಹುಡುಗ, ಇದೇ ಸ್ಟ್ಯಾಂಡಿನಲ್ಲಿ ಬೆಳೆದವನು. ಗೌರಿ ಅಂತ ಒಳ್ಳೆಯ ಕುದುರೆಯಿತ್ತು, ಗಾಡಿ ಮಾತ್ರ ಮುಪ್ಪಾಗಿತ್ತು. "ಅಯ್ನೋರೆ, ಒಸಾ ಜಟಕಾ ಅಂದ್ರೆ ಗಾಡಿ ಮಾಡೋ ಆಚಾರ್ರು ದೀಪಾವಳೀಗೆ ಕೊಡ್ತೀನಿ ಅಂತಾವ್ರೆ. ದಸರಾ ಕೈ ತಪ್ಪೋಯ್ತದೆ. ಸರಸ್ವತಿಪುರದಲ್ಲಿ ಒಂದು ಹಳೇ ಸಾರೋಟು ಮಾರ್ತಾವ್ರಂತೆ. ಜಟಕಾದಲ್ಲಿ ಕೂತ್ರೆ ಊರ ಬಗ್ಗಿ ಬಗ್ಗಿ ನೋಡ್ಬೇಕು. ಸಾರೋಟಿನಲ್ಲಾದ್ರೆ ಮಾರಾಜನಂಗೆ ಕೂತು ನೋಡ್ಬೋದು. ಊರು ನೋಡಾಕೆ ಬರೋರು ಅದನ್ನ ಬುಟ್ಟು ಇನ್ನೊಂದು ಹತ್ತಾರಾ?" ಎಂದ. ಅವನ ಹೆಂಡತಿ ಸರೋಜಮ್ಮ ಮಾತ್ರ ಹೊಸದೇ ಆಗಲಿ, ಒಂದು ದಸರಾ ಹೋದರೆ ಹೋಗಲಿ ಎಂದು ಹಟ ಹಿಡಿದಿದ್ದಳು. ಗಂಡ ಹೆಂಡಿರಿಬ್ಬರೂ ಒಪ್ಪಿದ್ದು ಒಂದಕ್ಕೆ: ಅಯ್ನೋರು ಏನಂತಾರೋ ಅದು.

ಸರಸ್ವತಿಪುರ ಎಂದೊಡನೆ ಏಕಾಂತಯ್ಯನವರು ಕೈಯಲ್ಲಿದ್ದ ಗೊಟ್ಟ ಕೆಳಗಿಟ್ಟರು. ಅಲ್ಲಿಯ ನಿವೃತ್ತ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಇವರು ಹನ್ನೊಂದು ವರ್ಷ ಸಾರೋಟು ನೋಡಿಕೊಂಡಿದ್ದರು. ಬಂಗಲೆಗೆ ಕಾರು ಬಂದ ದಿನ ಸಾರೋಟು ಕೊಟ್ಟಿಗೆ ಸೇರಿತು, ಇವರು ಸ್ಟ್ಯಾಂಡಿಗೆ ಮರಳಿದರು. ಈಗ ಯಜಮಾನರು ತೀರಿಕೊಂಡು, ಅವರ ಪತ್ನಿ ಗಿರಿಜಾಂಬಾ ಬೇಡದ ಸಾಮಾನು ಮಾರುತ್ತಿದ್ದರು. ಮಾರಾಟಕ್ಕಿದ್ದದ್ದು ಇವರ ಸಾರೋಟೇ.

ಕೊಟ್ಟಿಗೆಯ ಬಾಗಿಲು ತೆಗೆದಾಗ ಅದು ಹರಿದ ಗೋಣಿಗಳ ಕೆಳಗೆ ನಿಂತಿತ್ತು. ಮೇಲ್ಮುಚ್ಚಿಗೆಯ ಚರ್ಮ ಸೀಳಿತ್ತು, ಗಾಲಿಯ ಅರೆಕಾಲುಗಳ ನಡುವೆ ಜೇಡ ಬಲೆ ಕಟ್ಟಿತ್ತು. ಮಹದೇವು ಹಿಂದಿನ ಗಾಲಿಯೊಂದನ್ನು ಎತ್ತಿ ತಿರುಗಿಸಿದ. ಹನ್ನೆರಡು ವರ್ಷ ಎಣ್ಣೆ ಕಾಣದ ಗಾಲಿ ಕಿರ್ರೆಂದು ಕೂಗಿಕೊಂಡಿತು.

"ಅದು ಅಳ್ತಾ ಇತ್ತು ಸ್ವಾಮಿ. ನಾನು ಸಾಕಿದ್ದು. ತಡೀಲಾರ್ದೆ ಗೊಟ್ಟ ಬಗ್ಗಿಸಿ ಎಣ್ಣೆ ಬುಟ್ಬುಟ್ಟೆ. ನಾಲ್ಕು ಗಾಲೀಗೂ ಬುಟ್ಟೆ. ಕೋಲು ಕಚ್ಚಿದ್ದು ಆಮೇಲೆ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮೂವತ್ತು ವರ್ಷ ಬೇರೆಯವರ ಗಾಡಿಯ ಮುಂದೆ ಒಮ್ಮೆಯೂ ತಪ್ಪದ ಕಟ್ಟಳೆ ತಮ್ಮದೇ ಗಾಡಿಯ ಮುಂದೆ ತಪ್ಪಿಹೋಯಿತು. ಎಣ್ಣೆ ಕುಡಿದ ಗಾಲಿ ಸದ್ದಿಲ್ಲದೆ ತಿರುಗಿತು. ಹಲ್ಲಿಗೆ ಏನೂ ತಾಗಲಿಲ್ಲ. ತಾವು ಮಾಡಿದ್ದು ತಲೆಕೆಳಗಾಯಿತು ಎಂದು ಅವರಿಗೆ ಹೊಳೆಯದೇ ಇರಲಿಲ್ಲ, ಆದರೆ ಆ ಹೊತ್ತಿಗೆ ಮನಸ್ಸು ತುಂಬಿ ಬಂದಿತ್ತು. "ತಗೊ ಮಗ" ಎಂದುಬಿಟ್ಟರು.

ದಸರೆಯ ಹತ್ತು ದಿನವೂ ಸಾರೋಟು ಮೆರೆಯಿತು. ವಿಜಯದಶಮಿಯ ಮಾರನೆಯ ದಿನ ಧಾರವಾಡದ ಕಡೆಯ ಒಂದು ಸಂಸಾರ ಬೆಟ್ಟದ ಪಾದದವರೆಗೆ ಹೋಗಿಬರಲು ಅದನ್ನೇರಿತು. ಗಂಡ, ಹೆಂಡತಿ, ಎರಡು ಮಕ್ಕಳು. ಚಿಕ್ಕ ಮಗುವನ್ನು ಎತ್ತಿ ಕೂರಿಸಿದವರು ಏಕಾಂತಯ್ಯನವರೇ. ಹಿಂದಿರುಗುವಾಗ ಇಳಿಜಾರಿನಲ್ಲಿ ಹಿಂದಿನ ಎಡಗಾಲಿಯ ಗುಂಬ ಎರಡು ಹೋಳಾಯಿತು. ಸವಾರಿಯವರು ರಸ್ತೆ ಬದಿಯ ಹುಲ್ಲಿನ ಮೇಲೆ ಬಿದ್ದು, ತರಚುಗಾಯದಲ್ಲಿ ಪಾರಾದರು. ಗೌರಿಯ ಮುಂಗಾಲು ಮುರಿಯಿತು. ಮುಂಗಾಲು ಮುರಿದ ಕುದುರೆಗೆ ಮದ್ದಿಲ್ಲ, ಡಾಕ್ಟರು ಬಂದು ಸೂಜಿ ಹಾಕಿ ಕಣ್ಣು ಮುಚ್ಚಿಸಿದರು. ಮಹದೇವುವಿನ ಮಂಡಿ ಸಾರೋಟಿನ ಅಡಿಗೆ ಸಿಕ್ಕಿ ಪುಡಿಯಾಯಿತು.

ಸುದ್ದಿ ಕೇಳಿ ಓಡಿದ ಏಕಾಂತಯ್ಯನವರು ಮೊದಲು ನೋಡಿದ್ದು ಒಡೆದ ಗುಂಬವನ್ನು. ಒಡಕಿನ ಅರ್ಧ ಭಾಗ ಈಗಷ್ಟೇ ಸೀಳಿದ ಬಿಳಿ ಮರ. ಇನ್ನರ್ಧ ಕಪ್ಪು. ಬಿರುಕು ಮೊದಲೇ ಇತ್ತು, ಇವರು ಬಿಟ್ಟ ಕೀಲೆಣ್ಣೆ ಅದರೊಳಗೆಲ್ಲ ಇಳಿದಿತ್ತು. ಇದನ್ನು ಓದಬಲ್ಲವರು ಆ ರಸ್ತೆಯಲ್ಲಿ ಇವರೊಬ್ಬರೇ.

ಎರಡು ದಿನದ ಮೇಲೆ ವಿಚಾರಣೆಗೆ ಬಂದ ಮುನಿಸಿಪಾಲಿಟಿಯ ಅಧಿಕಾರಿ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಇವರನ್ನೇ ಕೇಳಿದರು, "ಗಾಲಿ ಸರಿ ಇತ್ತೇನಯ್ಯ?"

"ಸರಿ ಇತ್ತು ಬುದ್ಧಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾಲಿ ಸರಿ ಇತ್ತು ಅಂದ ಮೇಲೆ ತಪ್ಪು ಗಾಡಿ ಹೊಡೆದವನದೇ ಆಗಬೇಕಲ್ಲ? ಆಸೆಬುರುಕ, ಏಳೆಂಟು ಜನರನ್ನು ತುಂಬಿದ್ದಾನೆ ಎಂದು ಬರೆದುಕೊಂಡರು. ಅಲ್ಲ ಎನ್ನಬೇಕಾಗಿದ್ದ ಧಾರವಾಡದವರು ಆಗಲೇ ರೈಲು ಹತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದ ಮಹದೇವುವಿನಿಂದ ಗಾಡಿ ಹೊಡೆಯುವ ಪರವಾನಗಿಯ ಬಿಲ್ಲೆಯನ್ನು ಕಿತ್ತುಕೊಂಡರು. ದುಡ್ಡಿನ ಆಸೆಗೆ ಬಸುರಿ ಹೆಂಡತಿಯನ್ನು ಬೀದಿಪಾಲು ಮಾಡಿ ಮೂಕಪ್ರಾಣಿಯನ್ನು ಕೊಂದ ಎಂದು ಅವನ ಮಾವನ ಮನೆಯವರೇ ಬಂದು ಉಗಿದು ಹೋದರು.

ಮೂರು ತಿಂಗಳು ಏಕಾಂತಯ್ಯನವರು ಬಾಯಿ ಬಿಡಲಿಲ್ಲ. ಅನ್ನ ಸೇರಲಿಲ್ಲ, ಪಾರ್ವತಮ್ಮ ಮಾಡಿದ್ದೆಲ್ಲ ಹಾಗೇ ಉಳಿಯಿತು. ಕಡೆಗೆ ಹೋದ ಸೋಮವಾರ ಪೂಜೆ ಮುಗಿಸಿ ನೇರ ಮಹದೇವುವಿನ ಮನೆಗೆ ನಡೆದರು. ಅವನು ಜಗಲಿಯ ಮೇಲೆ ಬಗ್ಗದ ಕಾಲನ್ನು ಚಾಚಿ ಕೂತು ಬೀಡಿ ಕಟ್ಟುತ್ತಿದ್ದ. ಇವರು ನಿಂತಲ್ಲೇ ನಿಂತು ಹೇಳಿದರು, ಗಾಲಿ ಕೇಳುವ ಮೊದಲೇ ಎಣ್ಣೆ ಹಾಕಿದ್ದೆ ಎಂದು.

ಮಹದೇವು ಎಲೆಯಿಂದ ಕಣ್ಣು ತೆಗೆಯಲಿಲ್ಲ. "ನೋಡ್ದೆ ಕಣ್ರೀ ಅಯ್ನೋರೆ. ಅಲ್ಲೇ ನಿಂತಿದ್ನಲ್ಲ. ಒಣಗಾಲೀನೇ ಕೇಳ್ಬೇಕು ಅಂತ ನಂಗೂ ಗೊತ್ತು. ಆದ್ರೆ ನೀವೇ ಹಾಕ್ತಾ ಇದೀರಿ, ನಾನೆಂಗೆ ಬೇಡ ಅನ್ಲಿ ಅಂತ ಸುಮ್ಕಾದೆ."

"ಆಪೀಸ್ನೋರಿಗೆ ಯಾಕ್ಲಾ ಏಳ್ನಿಲ್ಲ?"

"ಏಳಿದ್ರೆ ನಿಮ್ತಾವ ಯಾರು ಗಾಲಿ ತರ್ತಾರೆ? ನನ್ನ ಕಾಲು ಹೋಯ್ತು, ನಿಮ್ಮ ಕೈನೂ ಯಾಕೆ ಹೋಗ್ಬೇಕು?"

ಒಳಗಿನಿಂದ ಸರೋಜಮ್ಮ ಬಂದಳು. ಅವಳಿಗೆ ಅದೇ ಮೊದಲು ಗೊತ್ತಾದದ್ದು. ಅತ್ತಳಾ, ಬೈದಳಾ? ಎರಡೂ ಇಲ್ಲ. "ಒಸಾದು ತಗೊಳ್ಳವ ಅಂದಿದ್ದೆ. ನಿಮ್ಮ ಮಾತಿಗೆ ನನ್ನ ಮಾತ ಬುಟ್ಟೆ" ಎಂದಳು. ಚಾಪೆಯನ್ನೂ ಹಾಕಲಿಲ್ಲ, ನೀರನ್ನೂ ಕೊಡಲಿಲ್ಲ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಅಲ್ಲಿಂದ ಏಕಾಂತಯ್ಯನವರು ಮುನಿಸಿಪಾಲಿಟಿ ಕಚೇರಿಗೆ ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಪ್ಪು ನನ್ನದು, ಹುಡುಗನ ಬಿಲ್ಲೆ ಕೊಡಿ ಎಂದರು. ಗುಮಾಸ್ತರು ಒಳ್ಳೆಯವರೇ, ಕೂರಿಸಿಯೇ ಮಾತಾಡಿದರು. "ಗಾಲಿ ಪರೀಕ್ಷೆ ಮಾಡೋದಕ್ಕೆ ನಿಮಗೇನು ಸರ್ಟಿಫಿಕೇಟ್ ಇದೆ, ಅಜ್ಜ? ಕೋಲು ಕಚ್ಚಿ ನೋಡ್ದೆ ಅಂದ್ರೆ ಬರ್ಕೊಳ್ಳೋಕಾಗುತ್ತಾ? ಫೈಲು ಮುಗಿದಿದೆ, ಮನೆಗೆ ಹೋಗಿ." ಇವರ "ತಗೊ" ಎಂಬ ಒಂದು ಮಾತಿಗೆ ಇಡೀ ಸ್ಟ್ಯಾಂಡು ವರ್ಷಗಟ್ಟಲೆ ಬೆಲೆ ಕೊಟ್ಟಿತ್ತು. "ತಪ್ಪು ನನ್ನದು" ಎಂಬ ಮಾತಿಗೆ ಬೆಲೆ ಕೊಡುವವರು ಸಿಕ್ಕಲಿಲ್ಲ.

ಬೆಂಗಳೂರಿನ ರೈಲು ಬಂದು ನಿಲ್ಲುತ್ತದೆ. ಗಾಡಿಯವರು ಕಂಬಳಿ ಕೊಡವಿ ಏಳುತ್ತಾರೆ. ಮೂಟೆ, ಮಕ್ಕಳು, ಕೂಗಾಟ. ಅರ್ಧಕ್ಕರ್ಧ ಜನ ಟ್ಯಾಕ್ಸಿಗಳ ಕಡೆ ನಡೆಯುತ್ತಾರೆ, ಉಳಿದವರು ಜಟಕಾ ಏರುತ್ತಾರೆ. ಏಕಾಂತಯ್ಯನವರು ಕೈಯನ್ನು ಗೋಣಿಗೆ ಒರೆಸಿಕೊಂಡು ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಈ ಪುರವಣಿಗೆ ತಮ್ಮ ಬಗ್ಗೆ ಬರೆಯುತ್ತೇವೆ ಎಂದಾಗ ಮೊದಲು ಎರಡು ಸಲ ಅವರು ಬೇಡವೆಂದಿದ್ದರು. ಮೂರನೆಯ ಸಲ ತಾವಾಗಿಯೇ ಹೇಳಿ ಕಳಿಸಿದರು. ಕಚೇರಿಗೆ ಬಾಯಿಮಾತು ಆಗುವುದಿಲ್ಲ, ಕಾಗದ ಆಗುತ್ತದೆ ಎಂಬುದನ್ನು ಅವರು ಅಷ್ಟರಲ್ಲಿ ಕಲಿತಿದ್ದರು.

ಇದು ಅಚ್ಚಾದರೆ ನಾಳೆಯಿಂದ ಯಾರು ಗಾಲಿ ತರುತ್ತಾರೆ ಎಂದರೆ, "ತರ್ದೇ ಇರ್ಲಿ" ಎನ್ನುತ್ತಾರೆ. ಬಿಲ್ಲೆ ಬಂದರೂ ಮಹದೇವುವಿಗೆ ಕುದುರೆಯಿಲ್ಲ, ಮಡಿಸುವ ಕಾಲಿಲ್ಲ, ಬಂದು ಏನು ಪ್ರಯೋಜನ ಎಂದರೆ ಗೋಣಿಗೆ ಮತ್ತೊಮ್ಮೆ ಕೈ ಒರೆಸಿಕೊಳ್ಳುತ್ತಾರೆ. ಕಣ್ಣಲ್ಲಿ ನೀರಿಲ್ಲ, ಅದು ಯಾವಾಗಲೋ ಆರಿಹೋದಂತಿದೆ.

"ಗೊತ್ತು ಸ್ವಾಮಿ. ಏನೂ ಬರಾಕಿಲ್ಲ. ಅವನಿಗೆ ಮಗು ಉಟ್ತದೆ, ನಾಳೆ ಅದು ಓದು ಕಲೀತದೆ. ನಿಮ್ಮಪ್ಪ ಆಸೆಬುರುಕ, ಕುದ್ರೆ ಕೊಂದ ಅಂತ ಯಾವನಾದ್ರೂ ಅಂದ್ರೆ ತೋರ್ಸಾಕೆ ಒಂದು ಕಾಗದ ಇರ್ಲಿ. ನನ್ನ ಒಗಳಿದ್ದು ಏನೇನು ಬರ್ಕೊಂಡಿದೀರೋ ಎಲ್ಲ ಒಡೆದಾಕ್ಬುಡಿ. ಸಾರೋಟಿನಲ್ಲಿ ನಾಲ್ಕೇ ಜನ ಇದ್ರು. ಕೇಳೋದ್ಕೆ ಮುಂಚೆ ಎಣ್ಣೆ ಹಾಕ್ದೋನು ಏಕಾಂತಯ್ಯ. ಎರಡೇ ಸಾಲು. ದಪ್ಪಕ್ಷರದಲ್ಲಿ ಹಾಕ್ಸಿ."